ಹರಿಪ್ಪಾಡಿನ ಹತ್ತಿರ

ನಿರ್ಮಲಳಿಗೆ ಬಡ್ತಿಯ ಜೊತೆ ಎರ್ನಾಕುಳಕ್ಕೆ ವರ್ಗವಾದಾಗ, ಎರಡೇ ವರ್ಷ ತಾನೆ, ಹೇಗೋ ಕಳೆಯುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ಹನ್ನೊಂದು ತಿಂಗಳಾಗುವ ಹೊತ್ತಿಗೆ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಗಂಡ ನಟರಾಜ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ತಾಂತ್ರಿಕ ಅಧಿಕಾರಿ. ಮೈಸೂರು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅದೇ ಊರಿನ ಪಟ್ಟಂ ಬಡಾವಣೆಯ ಫ್ಲಾಟಿನಲ್ಲಿ ಅವನ ಜೊತೆ ತಾಯಿ ಸೀತಮ್ಮ ಮತ್ತು ಒಂಬತ್ತನೆಯ ಕ್ಲಾಸಿನ ಮಗಳು ಮಹತಿ ಇದ್ದರು. ಬ್ಯಾಂಕಿನವಳಾದ ನಿರ್ಮಲ ಎರ್ನಾಕುಳಂ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಮಂದಾಕಿನಿ ಎಂಬ ನಿವೃತ್ತ ಟೀಚರರ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದಿದ್ದಳು. ಒಂದು ಹಾಲ್, ಒಂದು ಕೋಣೆ, ಇಬ್ಬರು ನಿಂತರೆ ಮೊಣಕೈ ತಾಗುವ ಅಡಿಗೆಮನೆ.

ಅವಳಿಗೆ ತಿಂಗಳಲ್ಲಿ ಎರಡು ಶನಿವಾರ ಕೆಲಸ. ಹಾಗಾಗಿ ಅವಳು ಬರುವ ಬದಲು ಇವರೇ ಹೋಗುವುದು ಎಂದಾಯಿತು. ಸೀತಮ್ಮನ ಮೊಣಕಾಲಿಗೆ ಟ್ರೇನಿನ ಮೆಟ್ಟಿಲು ಆಗುತ್ತಿರಲಿಲ್ಲ. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಅವರೊಬ್ಬರನ್ನೇ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಆರಕ್ಕೆ ಮೂವರೂ ಕಾರಿನಲ್ಲಿ ಹೊರಡುವುದು, ಭಾನುವಾರ ಊಟ ಮುಗಿಸಿ ಎರಡು ಗಂಟೆಗೆ ವಾಪಸು. ಹೋಗಿ ಬರಲು ನಾನೂರು ಕಿಲೋಮೀಟರು, ಪೆಟ್ರೋಲಿಗೇ ಮೂರು ಸಾವಿರದ ಹತ್ತಿರ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರಿಂದ ದಾರಿಯುದ್ದಕ್ಕೂ ಧೂಳು, ಬಳಸುದಾರಿ, ಲಾರಿಗಳ ಹಿಂದೆ ಕಾಯುವುದು.

ಮೊದಲೆಲ್ಲ ನಟರಾಜ ತಿಂಗಳಿಗೆ ಎರಡು ಪುಸ್ತಕ ಓದುತ್ತಿದ್ದ. ಪ್ರವಾಸ ಕಥನ ಅಂದರೆ ಅವನಿಗೆ ಪ್ರಾಣ. ಈಗ ಅವನು ಓದುವುದೆಲ್ಲ ಫೋನಿನಲ್ಲಿ, ಅದೂ ಒಂದೇ ವಿಷಯ: ಲೀಟರಿಗೆ ಇನ್ನೊಂದು ಕಿಲೋಮೀಟರು ಜಾಸ್ತಿ ಓಡಿಸುವುದು ಹೇಗೆ. ಟೈರಿಗೆ ಗಾಳಿ ಎಷ್ಟಿರಬೇಕು, ಯಾವ ವೇಗಕ್ಕೆ ಯಾವ ಗೇರು, ಎಲ್ಲ ಅವನಿಗೆ ಬಾಯಿಪಾಠ.

"ಅಪ್ಪ, ಏಸಿ ಹಾಕು" ಎನ್ನುತ್ತಿದ್ದಳು ಮಹತಿ.

"ಏಸಿ ಹಾಕಿದ್ರೆ ಲೀಟರಿಗೆ ಎರಡು ಕಿಲೋಮೀಟರ್ ಕಮ್ಮಿ ಆಗತ್ತೆ."

"ನಾವು ಬೇಯ್ತಿದೀವಲ್ಲ, ಅದಕ್ಕೆ ಲೀಟರಿಗೆ ಎಷ್ಟು?"

ಹಿಂದಿನ ಸೀಟಿನಲ್ಲಿ ಸೀತಮ್ಮ ಪತ್ತೇದಾರಿ ಕಾದಂಬರಿ ಓದುತ್ತ ಕೂತಿರುತ್ತಿದ್ದರು. ಎಪ್ಪತ್ತೆರಡರ ಹೆಂಗಸು ಭಾಗವತ ಓದಲಿ ಎಂದು ಮಗ ಮೈಸೂರಿನಿಂದ ದಪ್ಪ ಸಂಪುಟಗಳನ್ನು ತರಿಸಿಕೊಟ್ಟಿದ್ದ. ಅವು ಟೀವಿಯ ಕೆಳಗೆ ಸಾಲಾಗಿ ನಿಂತಿದ್ದವು. ಸೀತಮ್ಮ ಓದುತ್ತಿದ್ದದ್ದು ತಮ್ಮನ ಮನೆಯಿಂದ ಚೀಲದಲ್ಲಿ ತಂದ, ರಟ್ಟು ಹರಿದ ಇಪ್ಪತ್ತು ಹಳೆಯ ಕೊಲೆ ಕಥೆಗಳನ್ನು.

"ಅಜ್ಜಿ, ಇದನ್ನ ಹೋದ ತಿಂಗಳೇ ಓದಿದ್ಯಲ್ಲ. ಕೊಂದಿದ್ದು ಯಾರು ಅಂತ ಗೊತ್ತಿಲ್ವಾ?"

"ಮರೆತುಹೋಗತ್ತೆ ಕಣೆ. ಅದೇ ಅನುಕೂಲ."

ಮಹತಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಮಲಯಾಳಕ್ಕೆ ಹೋಗುತ್ತಿದ್ದಳು. ಅವಳು ಓದುವುದೂ ಬರೆಯುವುದೂ ಇಂಗ್ಲಿಷಿನಲ್ಲಿ.

ಅದು ಜನವರಿಯ ಒಂದು ಭಾನುವಾರ. ನಿರ್ಮಲ ಬೆಳಗ್ಗೆ ಐದೂವರೆಗೇ ಎದ್ದು ವಾರಕ್ಕಾಗುವಷ್ಟು ಅಡಿಗೆ ಮಾಡಿದ್ದಳು. ಎರಡು ಡಬ್ಬ ಹುಳಿ, ಹಾಗಲಕಾಯಿ ಗೊಜ್ಜು, ಬೀನ್ಸ್ ಪಲ್ಯ, ದೊಡ್ಡ ಡಬ್ಬದಲ್ಲಿ ದೋಸೆ ಹಿಟ್ಟು. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್. ಊಟದ ಹೊತ್ತಿನಲ್ಲಿ ಆದ ಮಾತೆಲ್ಲ ಗ್ಯಾಸು ಬುಕ್ ಮಾಡಿದ್ದು, ಮಹತಿಯ ಗಣಿತದ ಟ್ಯೂಷನ್ನು, ಬಾತಿಗೆ ಉಪ್ಪು ಸಾಲದ್ದು. ಎರಡು ಗಂಟೆಗೆ ಕಾರು ಹೊರಟಿತು. ಸುಡುಬಿಸಿಲು, ಏಸಿ ಇಲ್ಲ, ಹೊಟ್ಟೆ ತುಂಬ ಬಾತು.

ನಾಲ್ಕರ ಸುಮಾರಿಗೆ ಹರಿಪ್ಪಾಡಿನ ಹತ್ತಿರ ನಟರಾಜನ ಕಣ್ಣು ಮುಚ್ಚಿತು. ಎಷ್ಟು ಹೊತ್ತು ಎಂದು ಅವನಿಗೆ ಆಮೇಲೂ ತಿಳಿಯಲಿಲ್ಲ. ರಸ್ತೆ ಕೆಲಸದವರು ಅಡ್ಡ ಇಟ್ಟಿದ್ದ ಕೆಂಪು ಬಿಳಿ ಪ್ಲಾಸ್ಟಿಕ್ ತಡೆಗಳಿಗೆ ಕಾರು ನುಗ್ಗಿತು. ಎರಡು ತಡೆ ಉರುಳಿದವು, ಮೂರನೆಯದಕ್ಕೆ ಕಾರು ನಿಂತಿತು. ಅದರಾಚೆ ಚರಂಡಿಗೆ ತೋಡಿದ ಆಳುದ್ದದ ಹಳ್ಳ.

ಯಾರಿಗೂ ಪೆಟ್ಟಾಗಲಿಲ್ಲ. ಸೀತಮ್ಮನ ಕನ್ನಡಕ ಕೆಳಗೆ ಬಿತ್ತು. ಪಕ್ಕದ ಸೀಟಿನಲ್ಲಿದ್ದ ದೋಸೆ ಹಿಟ್ಟಿನ ಡಬ್ಬ ಒಡೆದು ಮ್ಯಾಟಿನ ಮೇಲೆಲ್ಲ ಹರಿಯಿತು. ಎದುರಿನ ಅಂಗಡಿಯವರು ಓಡಿ ಬಂದು ನೀರು ಕೊಟ್ಟರು, ಕಾರನ್ನು ಹಿಂದಕ್ಕೆ ತಳ್ಳಿದರು. ನಟರಾಜ ಅರ್ಧ ಗಂಟೆ ಅಂಗಡಿಯ ಬೆಂಚಿನ ಮೇಲೆ ಕೂತು, ಎರಡು ಟೀ ಕುಡಿದು, ಮತ್ತೆ ಸ್ಟೇರಿಂಗ್ ಹಿಡಿದ.

ಕೊಲ್ಲಂ ದಾಟಿದ ಮೇಲೆ ಬಾಯಿ ಬಿಟ್ಟ. "ಅಮ್ಮನಿಗೆ ಇದನ್ನ ಹೇಳೋದು ಬೇಡ ಮಹತಿ. ಸುಮ್ಮನೆ ಗಾಬರಿಯಾಗ್ತಾಳೆ. ನಿಲ್ಲಿಸಿದ್ದಾಗ ಯಾರೋ ಗುದ್ದಿದ್ರು ಅಂತ ನಾನು ಹೇಳ್ತೀನಿ."

ಮಹತಿ ಕಿಟಕಿಯ ಕಡೆ ತಿರುಗಿದಳು. ಸೀತಮ್ಮ "ಹೂಂ" ಎಂದರು.

ರಾತ್ರಿ ಫೋನಿನಲ್ಲಿ ನಟರಾಜ ಹಾಗೇ ಹೇಳಿದ. ನಿರ್ಮಲ ಅತ್ತೆಯನ್ನೂ ಕೇಳಿದಳು. "ಹೌದಮ್ಮ, ನಾವು ಟೀ ಕುಡೀತಾ ಇದ್ವಿ, ಯಾರೋ ಪುಣ್ಯಾತ್ಮ ಬಂದು ಗುದ್ದಿಕೊಂಡು ಹೋದ" ಎಂದು ಸೀತಮ್ಮ ತಡವರಿಸದೆ ಹೇಳಿಬಿಟ್ಟರು.

ಮರುದಿನ ವರ್ಕ್‌ಶಾಪಿನ ಇರ್ಫಾನ್ ಅದೇ ಕಥೆ ಕೇಳಿ, ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. "ಸಾರ್, ಇದು ನಿಂತ ಗಾಡಿಗೆ ಬಿದ್ದ ಪೆಟ್ಟಲ್ಲ" ಎಂದು ಮಲಯಾಳದಲ್ಲಿ ಹೇಳಿದ. ನಟರಾಜ ಖರ್ಚು ಎಷ್ಟಾಗುತ್ತದೆ ಎಂದಷ್ಟೇ ಕೇಳಿದ. ಇರ್ಫಾನ್ ಮತ್ತೆ ಕೇಳಲಿಲ್ಲ. ಬಂಪರು, ಹೆಡ್‌ಲೈಟು ಸೇರಿ ಹದಿನಾಲ್ಕು ಸಾವಿರ ಆಯಿತು. ಹುಳಿ ಹಿಟ್ಟಿನ ವಾಸನೆ ಮಾತ್ರ ಮೂರು ಸಲ ತೊಳೆದರೂ ಹೋಗಲಿಲ್ಲ. ಮುಂದಿನ ಶನಿವಾರ ನಿರ್ಮಲ ಕಾರಿನ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡಳು.

"ಮುಚ್ಚಳ ಸರಿಯಾಗಿ ಹಾಕಿರಲಿಲ್ವೇನ್ರೀ?"

"ಸಡಿಲ ಆಗಿತ್ತು ಅನ್ಸತ್ತೆ."

"ನಾನೇ ಹಾಕಿದ್ದು. ಸಡಿಲ ಆಗಿರ್ಲಿಲ್ಲ."

ಇನ್ನೂ ಎರಡು ವಾರ ಕಾರು ಹೋಗಿ ಬಂತು. ನಟರಾಜ ಈಗ ಕಾಯಂಕುಳಂನಲ್ಲೂ ಆಲಪ್ಪುಳದಲ್ಲೂ ನಿಲ್ಲಿಸಿ ಮುಖ ತೊಳೆದುಕೊಳ್ಳುತ್ತಿದ್ದ. ಏಸಿಯನ್ನೂ ಹಾಕತೊಡಗಿದ್ದ. ಅವನು ಯಾಕೆ ಹೀಗೆ ಮಾಡುತ್ತಿದ್ದಾನೆ ಎಂದು ಕಾರಿನಲ್ಲಿದ್ದ ಮೂವರಿಗೂ ಗೊತ್ತಿತ್ತು.

ಫೆಬ್ರವರಿಯ ಮೊದಲ ವಾರ ಇಂಗ್ಲಿಷಿನ ವಿಜಯಾ ಟೀಚರ್ 'ಒಂದು ಪ್ರಯಾಣ' ಎಂದು ಹಾಸ್ಯ ಪ್ರಬಂಧ ಬರೆಯಲು ಕೊಟ್ಟರು. ಮಹತಿಯದು ಅವರಿಗೆ ಎಷ್ಟು ಹಿಡಿಸಿತೆಂದರೆ, ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. 'ಈ ವರ್ಷ ನಾನು ಓದಿದ ಅತ್ಯುತ್ತಮ ಬರಹ' ಎಂಬ ಸಾಲು ಬೇರೆ. ಬುಧವಾರ ಮಧ್ಯಾಹ್ನ ನಿರ್ಮಲ ಕಚೇರಿಯ ಊಟದ ಕೋಣೆಯಲ್ಲಿ ಮೊಸರನ್ನದ ಡಬ್ಬ ಮುಂದಿಟ್ಟುಕೊಂಡು ಅದನ್ನು ಓದಿದಳು. ಮಗಳು ಬರೆದದ್ದು ಸುಮಾರಾಗಿ ಹೀಗಿತ್ತು:

'ನಮ್ಮ ಕಾರಿನಲ್ಲಿ ನಾಲ್ವರು ಪ್ರಯಾಣ ಮಾಡುತ್ತೇವೆ. ಅಪ್ಪ, ಅಜ್ಜಿ, ನಾನು ಮತ್ತು ದೋಸೆ ಹಿಟ್ಟು. ಹಿಟ್ಟಿಗೆ ಮುಂದಿನ ಸೀಟು, ಸೀಟ್ ಬೆಲ್ಟನ್ನೂ ಮೊದಲು ಅದಕ್ಕೇ ಹಾಕುತ್ತಾರೆ. ಅಮ್ಮ ಎರ್ನಾಕುಳಂನಲ್ಲಿದ್ದಾಳೆ. ಅವಳನ್ನು ನೋಡಲು ಇನ್ನೂರು ಕಿಲೋಮೀಟರು ಹೋಗುತ್ತೇವೆ. ಹೋದ ಮೇಲೆ ಅಪ್ಪ ಮಲಗುತ್ತಾನೆ, ಅಮ್ಮ ಅಡಿಗೆ ಮಾಡುತ್ತಾಳೆ, ಅಜ್ಜಿ ಕೊಲೆಗಾರನನ್ನು ಹುಡುಕುತ್ತಾಳೆ. ಅಪ್ಪ ಅಮ್ಮ ಒಟ್ಟು ಹದಿನೇಳು ಮಾತಾಡುತ್ತಾರೆ. ನಾನು ಎಣಿಸಿದ್ದೇನೆ. ಪೆಟ್ರೋಲಿನ ಲೆಕ್ಕದಲ್ಲಿ ಒಂದು ಮಾತಿಗೆ ನೂರೆಪ್ಪತ್ತು ರೂಪಾಯಿ ಬೀಳುತ್ತದೆ. ಒಂದು ಭಾನುವಾರ ಹರಿಪ್ಪಾಡಿನ ಹತ್ತಿರ ಅಪ್ಪ ಸ್ವಲ್ಪ ನಿದ್ದೆ ಮಾಡೋಣ ಎಂದು ತೀರ್ಮಾನಿಸಿದ. ಆದರೆ ಕಾರಿಗೆ ತಿಳಿಸುವುದನ್ನು ಮರೆತ. ಕಾರು ತಾನೇ ದಾರಿ ಹುಡುಕಿಕೊಂಡು ಒಂದು ಹಳ್ಳದ ತನಕ ಹೋಯಿತು. ಕಾರು ನಿಂತಾಗ ಅಜ್ಜಿ, ಬಂತೇನೋ ಊರು, ಎಂದು ಕೇಳಿದಳು. ದೋಸೆ ಹಿಟ್ಟು ಬೆಲ್ಟ್ ಹಾಕಿದ್ದರೂ ಬದುಕಲಿಲ್ಲ. ಅಮ್ಮನಿಗೆ ಹೇಳಲು ಆಮೇಲೆ ಒಂದು ಕಥೆ ಕಟ್ಟಿದೆವು. ಅಜ್ಜಿ ಅಷ್ಟೊಂದು ಕಾದಂಬರಿ ಓದಿದ್ದು ಆಗ ಉಪಯೋಗಕ್ಕೆ ಬಂತು.'

ಗುಂಪಿನಲ್ಲಿ ನಲವತ್ತು ಜನ ನಗುವ ಮುಖ ಹಾಕಿದ್ದರು. ನಿರ್ಮಲ ಡಬ್ಬದ ಮುಚ್ಚಳ ಹಾಕಿ, ಹೊರಗೆ ಕಾರಿಡಾರಿಗೆ ಬಂದು, ಗಂಡನಿಗೆ ಫೋನು ಮಾಡಿದಳು.

"ಹಳ್ಳ ಎಷ್ಟು ಆಳ ಇತ್ತು?"

ನಟರಾಜ ಆಗಿನ್ನೂ ಅದನ್ನು ಓದಿರಲಿಲ್ಲ. ಆದರೂ ಯಾವ ಹಳ್ಳ ಎಂದು ಕೇಳಲಿಲ್ಲ. "ಆಳುದ್ದ" ಎಂದ.

"ಶುಕ್ರವಾರ ನಾನೇ ಟ್ರೇನಲ್ಲಿ ಬರ್ತೀನಿ. ನೀವು ಕಾರು ಮುಟ್ಟಬೇಡಿ" ಎಂದು ಹೇಳಿ ಫೋನು ಇಟ್ಟಳು.

ಆ ಸಂಜೆ ನಟರಾಜ ಮಗಳನ್ನು ಮುಂದೆ ನಿಲ್ಲಿಸಿಕೊಂಡ. "ಮನೆ ವಿಷಯ ಇಡೀ ಸ್ಕೂಲಿಗೆ ಹೇಳಬೇಕಿತ್ತಾ?"

"ಹಾಸ್ಯ ಬರೀರಿ ಅಂದ್ರು. ನಮ್ಮನೇಲಿ ಬೇರೆ ಏನಿದೆ?"

"ಅದು ಹಾಸ್ಯಾನಾ? ಮೂರು ಜನ ಸಾಯ್ತಿದ್ವಿ."

"ಅದಕ್ಕೇ ಬರ್ದೆ" ಎಂದಳು ಮಹತಿ. "ಎನಿಕ್ಕ್ ಪೇಡಿಯಾಯಿ" ಎಂದು ಮಲಯಾಳಕ್ಕೆ ಹೊರಳಿದಳು. ತನಗೆ ಹೆದರಿಕೆಯಾಯಿತು ಎಂದು. "ನೀನು ಅಮ್ಮನಿಗೆ ಹೇಳಬೇಡ ಅಂದೆ. ನಾನು ಯಾರಿಗೂ ಹೇಳಲಿಲ್ಲ. ಬರ್ದೆ ಅಷ್ಟೆ."

ಸೀತಮ್ಮ ಮೊಮ್ಮಗಳನ್ನು ಕರೆದು, ಅದೇನು ಬರೆದಿದ್ದೀಯೋ ಕನ್ನಡದಲ್ಲಿ ಹೇಳು ಎಂದರು. ಮಹತಿ ಕಣ್ಣೊರೆಸಿಕೊಂಡು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. ಸೀತಮ್ಮ ದೋಸೆ ಹಿಟ್ಟಿನ ಕಡೆ ನಕ್ಕರು. ಹದಿನೇಳು ಮಾತಿನ ಕಡೆ ನಗಲಿಲ್ಲ.

ಶುಕ್ರವಾರ ಸಂಜೆ ನಿರ್ಮಲ ಬಂದಾಗ ಏಳು ಗಂಟೆ. ಕೈಯಲ್ಲಿ ಒಂದು ಭುಜದ ಚೀಲ, ಡಬ್ಬ ಒಂದೂ ಇಲ್ಲ. ಸೀತಮ್ಮ ಕೂತಲ್ಲೇ ತರಕಾರಿ ಹೆಚ್ಚಿಕೊಟ್ಟು, ನಟರಾಜ ಸಾರು ಪಲ್ಯ ಮಾಡಿದ್ದ. ಎಲ್ಲರೂ ಊಟಕ್ಕೆ ಕೂತರು.

"ನೀವು ನನಗೆ ಸುಳ್ಳು ಹೇಳಿದ್ರಿ" ಎಂದಳು ನಿರ್ಮಲ.

"ಹೇಳಿದ್ರೆ ಏನು ಮಾಡ್ತಿದ್ದೆ? ಅಲ್ಲಿ ಕೂತು ಅಳ್ತಿದ್ದೆ."

"ಅಳ್ತಿದ್ನೋ ಏನೋ. ನಿಮ್ಮನ್ನ ಮತ್ತೆ ಮೂರು ವಾರ ಅದೇ ದಾರೀಲಿ ಬರೋಕೆ ಬಿಡ್ತಿರ್ಲಿಲ್ಲ. ಮಗೂನ ಕೂರಿಸಿಕೊಂಡು ಬಂದ್ರಲ್ರೀ."

"ಬರದೇ ಇದ್ರೆ ಬರಲಿಲ್ಲ ಅಂತೀಯ. ಬಂದ್ರೆ ಮಲಗ್ತೀನಿ ಅಂತೀರ ತಾಯಿ ಮಗಳು." ನಟರಾಜ ತಟ್ಟೆಯಿಂದ ಕೈ ತೆಗೆದ. "ಬೆಳಗ್ಗೆ ಐದಕ್ಕೆ ಏಳ್ತೀನಿ. ಅಮ್ಮನ ಮಾತ್ರೆ, ಇವಳ ಡಬ್ಬಿ, ಆಫೀಸು, ಬಂದು ಮತ್ತೆ ಅಡಿಗೆ. ವಾರಕ್ಕೆ ಹತ್ತು ಗಂಟೆ ಸ್ಟೇರಿಂಗು. ಸುಸ್ತಾಗಿದೆ ನನಗೆ. ಹನ್ನೊಂದು ತಿಂಗಳಲ್ಲಿ ಯಾರಾದ್ರೂ ಕೇಳಿದ್ರಾ?"

"ನೀವೂ ಹೇಳಲಿಲ್ಲ."

"ಈಗ ಹೇಳ್ತಿದೀನಲ್ಲ."

ನಿರ್ಮಲ ಸಾರನ್ನ ಕಲೆಸಿದಳು. "ಹಾಗಿದ್ರೆ ಬಡ್ತಿ ಬೇಡ ಅಂತ ಬರೆದುಕೊಡ್ತೀನಿ. ಹಳೇ ಜಾಗಕ್ಕೇ ಹಾಕ್ತಾರೆ. ಮುಗೀತು."

ನಟರಾಜ ಬೇಡ ಎನ್ನಲಿಲ್ಲ. ಅನ್ನಬೇಕಾದ ಹೊತ್ತು ಬಂದು, ದಾಟಿಯೂ ಹೋಯಿತು. ನಿರ್ಮಲ ಅವನ ಮುಖ ನೋಡಿದಳು, ಎದ್ದು ಕೈ ತೊಳೆದಳು.

ಮರುದಿನ ಬೆಳಗ್ಗೆ ಅತ್ತೆ ಸೊಸೆ ಇಬ್ಬರೇ ಅಡಿಗೆಮನೆಯಲ್ಲಿದ್ದಾಗ ಸೀತಮ್ಮ ಹೇಳಿದರು, "ನಾನೂ ಸುಳ್ಳು ಹೇಳಿದೆ ನಿನಗೆ. ಅವನ ತಲೆ ವಾಲಿದ್ದು ನನಗೆ ಕಂಡಿತ್ತು. ಕೂಗಬೇಕು ಅನ್ನೋದರೊಳಗೆ ಆಗಿಹೋಯ್ತು. ಆಮೇಲೆ ಯೋಚನೆ ಮಾಡಿದೆ. ಈ ಕಾರು ಓಡ್ತಿರೋದೇ ನನ್ನ ಕಾಲಿಗೋಸ್ಕರ. ನಾನು ನಿನ್ನ ಜೊತೆ ಬಂದು ಇದ್ದುಬಿಡ್ತೀನಿ. ಅವರಿಬ್ಬರೂ ಟ್ರೇನಲ್ಲಿ ಬರಲಿ. ನೀನು ಏನೂ ಬರೆದುಕೊಡಬೇಡ."

ನಿರ್ಮಲ ಕಾಫಿ ಸೋಸುತ್ತಿದ್ದವಳು ಅದನ್ನು ಅಲ್ಲೇ ಬಿಟ್ಟಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಬನ್ನಿ ಎನ್ನಲು ಮನಸ್ಸು ಬರಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದಳು.

"ಅತ್ತೆ, ತಪ್ಪು ತಿಳೀಬೇಡಿ. ಅಲ್ಲಿ ಸಂಜೆ ಆರೂವರೆಗೆ ಬಾಗಿಲು ಹಾಕಿದರೆ ನಾನು ಯಾರಿಗೂ ಏನೂ ಮಾಡಲ್ಲ. ಯಾರ ಜೊತೆಗೂ ಮಾತಾಡಲ್ಲ. ಎಷ್ಟೋ ದಿನ ಬರೀ ಅವಲಕ್ಕಿ ತಿಂದು ಬಿದ್ದುಕೊಂಡು ಓದ್ತೀನಿ. ಮದುವೆಯಾದಾಗಿನಿಂದ ನನಗೆ ಅಂತ ಸಿಕ್ಕಿರೋದು ಅದೊಂದೇ."

ಸೀತಮ್ಮ ಕೇಳಿದರು, "ಏನು ಓದ್ತೀಯ?"

"ಪ್ರೇಮಕಥೆ. ಫೋನಲ್ಲಿ ದಿನಾ ಒಂದೊಂದು ಕಂತು ಬರತ್ತೆ."

"ಯಾರಾದ್ರೂ ಸಾಯ್ತಾರಾ ಅದರಲ್ಲಿ?"

"ಇಲ್ಲ."

"ಹಾಗಿದ್ರೆ ನಾನು ಇಣುಕಿ ನೋಡಲ್ಲ" ಎಂದರು ಸೀತಮ್ಮ. "ನೀನು ಕೋಣೆಗೆ ಹೋಗಿ ಬಾಗಿಲು ಹಾಕ್ಕೋ. ನಾನು ಹಾಲಲ್ಲಿ ಇರ್ತೀನಿ. ಕರೆಯಲ್ಲ. ಅವಲಕ್ಕಿ ಬದಲು ಒಂದು ಹಿಡಿ ಅನ್ನ ಬೇಯಿಸಿ ಇಟ್ಟಿರ್ತೀನಿ. ಒಂದು ತಿಂಗಳು ನೋಡು. ಆಗಲಿಲ್ಲ ಅಂದ್ರೆ ಹೇಳು, ನಾನೇನೂ ಬೇಜಾರು ಮಾಡ್ಕೊಳಲ್ಲ. ಬೇಜಾರಾಗತ್ತೆ, ಆದ್ರೆ ನಿನಗೆ ತೋರಿಸಲ್ಲ."

ಮುಂದಿನ ಭಾನುವಾರ ಕಾರು ಕೊನೆಯ ಸಲ ಆ ದಾರಿಯಲ್ಲಿ ಹೋಯಿತು. ನಾಲ್ಕು ಕಡೆ ನಿಲ್ಲಿಸಿ, ಏಳು ಗಂಟೆ ತೆಗೆದುಕೊಂಡು ನಟರಾಜ ತಾಯಿಯನ್ನು ತ್ರಿಪ್ಪುಣಿತ್ತುರಕ್ಕೆ ಬಿಟ್ಟ. ತಂದೆ ಮಗಳು ಅವತ್ತು ಅಲ್ಲೇ ಉಳಿದು, ಸೋಮವಾರ ರಜೆ ಹಾಕಿ ಬೆಳಕಿರುವಾಗಲೇ ವಾಪಸು ಬಂದರು.

ಮೊದಲ ವಾರ ಚೆನ್ನಾಗೇನೂ ಹೋಗಲಿಲ್ಲ. ಸೀತಮ್ಮ ಕರೆಯಲಿಲ್ಲ, ನಿಜ. ಆದರೆ ಎಂಟು ಗಂಟೆಯಾದರೂ ನಿರ್ಮಲ ಊಟಕ್ಕೆ ಬರದಿದ್ದರೆ ಪಾತ್ರೆಗಳನ್ನು ಸದ್ದು ಮಾಡಿ ಜೋಡಿಸುತ್ತಿದ್ದರು. ಮೂರನೆಯ ದಿನ ನಿರ್ಮಲ ಬಾಗಿಲು ತೆಗೆದು, "ಅತ್ತೆ, ಇದೂ ಕರೆದ ಹಾಗೇನೇ" ಎಂದಳು. ಮರುದಿನದಿಂದ ಸೀತಮ್ಮ ಸಂಜೆ ಹೊತ್ತು ಮುಂಬಾಗಿಲ ಜಗುಲಿಯಂಥ ಸಿಟ್‌ಔಟಿನಲ್ಲಿ ಕೂರತೊಡಗಿದರು. ಮೇಲಿನಿಂದ ಮಂದಾಕಿನಿ ಟೀಚರ್ ಇಳಿದು ಬರುತ್ತಿದ್ದರು. ಸೀತಮ್ಮ ಕನ್ನಡದಲ್ಲಿ ಕೊಲೆ ಕಥೆ ಹೇಳುವುದು, ಮಂದಾಕಿನಿ ಮಲಯಾಳದಲ್ಲಿ ಕೊಲೆಗಾರ ಯಾರೆಂದು ಊಹೆ ಮಾಡುವುದು. ಇಬ್ಬರಿಗೂ ಅರ್ಧರ್ಧ ತಿಳಿಯುತ್ತಿತ್ತು, ಅಷ್ಟು ಸಾಕಾಗುತ್ತಿತ್ತು. ನಿರ್ಮಲ ಏಳೂವರೆಗೆ ತಾನಾಗಿ ಹೊರಗೆ ಬರುತ್ತಿದ್ದಳು. ಒಂದು ತಿಂಗಳಾಯಿತು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಪಟ್ಟಂನಲ್ಲಿ ತಂದೆ ಮಗಳು ದಿನ ಬಿಟ್ಟು ದಿನ ಅಡಿಗೆ ಎಂದು ಮಾಡಿಕೊಂಡರು. ಮಹತಿಯ ಸರದಿಯ ದಿನ ಬಹುಪಾಲು ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು, ಜೊತೆಗೆ ಕಡಲೆ. ಎರಡು ವಾರಕ್ಕೊಮ್ಮೆ ಶನಿವಾರ ಇಬ್ಬರೂ ಟ್ರೇನು ಹತ್ತಿ ಹೋಗುತ್ತಿದ್ದರು. ನಟರಾಜ ಮತ್ತೆ ಒಂದು ಪ್ರವಾಸ ಕಥನ ಕೈಗೆತ್ತಿಕೊಂಡ. ಮೂರು ಸಲ ಹೋಗಿ ಬಂದರೂ ಇಪ್ಪತ್ತು ಪುಟ ದಾಟಿರಲಿಲ್ಲ. ಮಹತಿ ಕೂತ ಕೂತಲ್ಲೇ ಏನಾದರೂ ಗೀಚುತ್ತಿದ್ದಳು. ಅವನು ತೋರಿಸು ಎನ್ನುತ್ತಿರಲಿಲ್ಲ. ನಿರ್ಮಲ ಬಡ್ತಿ ಬಿಡುವ ಅರ್ಜಿಯನ್ನು ಬರೆಯಲಿಲ್ಲ. ಅವತ್ತು ಬೇಡ ಎನ್ನದೆ ಸುಮ್ಮನಿದ್ದದ್ದಕ್ಕೆ ನಟರಾಜ ಒಮ್ಮೆ ತಪ್ಪೊಪ್ಪಿಕೊಳ್ಳಲು ಹೋದ. "ಗೊತ್ತು ಬಿಡಿ" ಎಂದಳು ಅವಳು. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಹೊಸ ಕ್ಲಾಸು ಶುರುವಾಗಿ ಎರಡು ವಾರವಾಗಿತ್ತು. ಈ ಸಲ ವಿಜಯಾ ಟೀಚರೇ ಕ್ಲಾಸ್ ಟೀಚರು. ಜೂನಿನ ಭಾನುವಾರ, ಹೊರಗೆ ಮಳೆ. ಊಟವಾದ ಮೇಲೆ ನಟರಾಜ ಹಾಲಿನ ಚಾಪೆಯ ಮೇಲೆ ಅಡ್ಡಾದವನು ಹಾಗೇ ನಿದ್ದೆ ಹೋದ. ಟ್ರೇನಿಗೆ ಐದು ಗಂಟೆಗೆ ಸ್ಟೇಷನ್ನಿನಲ್ಲಿರಬೇಕು. ನಾಲ್ಕೂಕಾಲಿಗೆ ಮಹತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು.

"ಎಬ್ಬಿಸಲಾ?"

ನಿರ್ಮಲ ಗಂಡನನ್ನು ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಎದೆಯ ಮೇಲಿತ್ತು. ಕಿವಿಯ ಪಕ್ಕದ ಕೂದಲು ಯಾವಾಗ ಅಷ್ಟು ಬೆಳ್ಳಗಾಯಿತೋ ಅವಳು ಗಮನಿಸಿರಲಿಲ್ಲ. ಸೀತಮ್ಮ ಪುಸ್ತಕ ಮಡಿಸಿ ಸೊಸೆಯ ಮುಖ ನೋಡುತ್ತಿದ್ದರು.

"ಬೇಡ" ಎಂದಳು ನಿರ್ಮಲ. "ನಾಳೆ ಬೆಳಗಿನ ಟ್ರೇನಿಗೆ ಹೋಗಿ."

"ನಾಳೆ ಸ್ಕೂಲು. ಮಧ್ಯಾಹ್ನ ಆಗತ್ತೆ ಮುಟ್ಟೋದು. ಲೀವ್ ಲೆಟರ್ ಬೇಕು."

"ತಾ ಪೇಪರು. ಬರೆದುಕೊಡ್ತೀನಿ."

ಮಹತಿ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟು ಪಕ್ಕದಲ್ಲಿ ಕೂತಳು. "ಜ್ವರ ಅಂತ ಬರಿ. ಎಲ್ಲರೂ ಹಾಗೇ ಬರಿಯೋದು."

ನಿರ್ಮಲ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದಳು. 'ಮಹತಿಯ ತಂದೆ ತುಂಬ ದಣಿದು ಮಲಗಿದ್ದರು. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ, ಅದಕ್ಕೆ ಟ್ರೇನು ತಪ್ಪಿತು.'

ಮಹತಿ ಓದಿ ನೋಡಿದಳು. "ವಿಜಯಾ ಟೀಚರ್ ಇದನ್ನೂ ಗ್ರೂಪಿಗೆ ಹಾಕ್ತಾರೆ ಅಮ್ಮ."

"ಹಾಕ್ಲಿ" ಎಂದು ನಿರ್ಮಲ ಕೆಳಗೆ ಸಹಿ ಮಾಡಿದಳು.